ಮಂಡಿಯಲ್ಲಿ ಹನ್ನೊಂದು ದಿನ ಕೂತೆ, ಆಮೇಲೆ ಕೋಡ್ ಬರೆದೆ

ಇದನ್ನು ಬರೆಯುವುದಕ್ಕೆ ಅರ್ಧ ಕಾರಣ ಹಟ. 2022ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ, ಅಂದರೆ ರೈತರ ಅಡಿಕೆ ಇಟ್ಟುಕೊಂಡು ಮಾರಿಕೊಡುವ ಅಂಗಡಿಗೆ, ಸಾಫ್ಟ್‌ವೇರ್ ಮಾಡಿಕೊಡಲು ಒಪ್ಪಿಕೊಂಡೆ. ಮೊದಲ ಹನ್ನೊಂದು ದಿನ ಒಂದು ಸ್ಕ್ರೀನೂ ಮಾಡುವುದಿಲ್ಲ, ಒಂದು ಮೀಟಿಂಗೂ ಕರೆಯುವುದಿಲ್ಲ, ಸುಮ್ನೆ ಬಂದು ಕೂರುತ್ತೇನೆ, ಅದಕ್ಕೆ ಬೇರೆ ದುಡ್ಡು ಕೊಡಬೇಕು ಎಂದೆ. ನನ್ನ ಪಾರ್ಟ್ನರ್ ತಲೆ ಚಚ್ಚಿಕೊಂಡ. ಬೆಂಗಳೂರಿನಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿರುವ ಹಳೆಯ ಗೆಳೆಯ ಫೋನಿನಲ್ಲಿ ನಕ್ಕ. "ಎಂತ ಮಾರಾಯ, ಇದಕ್ಕೆ ರಿಕ್ವೈರ್‌ಮೆಂಟ್ ಅಂತಾರಾ? ಮಂಡೀಲಿ ಕೆಲಸಕ್ಕೆ ಸೇರ್ಕೊಂಡೆ ಅಂತ ಹೇಳು" ಎಂದ. (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ರಿಕ್ವೈರ್‌ಮೆಂಟ್ ಎನ್ನುತ್ತಾರೆ.) ಆ ಸಾಫ್ಟ್‌ವೇರ್ ಅಲ್ಲಿ ಮೂರು ಸೀಸನ್ ಮುಗಿಸಿದೆ. ಹೋದ ತಿಂಗಳು ಅದೇ ಗೆಳೆಯ ತಾನಾಗಿಯೇ ಫೋನ್ ಮಾಡಿ, ಆ ಹಳೇ ತಿಂಗಳ ಲೆಕ್ಕ ಅಂತ ಏನೋ ಹೇಳ್ತಿದ್ದೆಯಲ್ಲ, ಅದು ಹೇಗೆ ಎಂದು ಕೇಳಿದ. ಅವನಿಗೆ ಅರ್ಧ ಹೇಳಿದೆ. ಇಲ್ಲಿ ಅದಕ್ಕಿಂತ ಜಾಸ್ತಿ ಹೇಳುತ್ತೇನೆ, ಪೂರ್ತಿ ಅಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ.

2018ರಲ್ಲಿ ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನ ಕೆಲಸ ಸಿಕ್ಕಿತು. ಒಟ್ಟು 4 ಲಕ್ಷಕ್ಕೆ ಮಾತು, 1 ಲಕ್ಷದ 20 ಸಾವಿರ ಅಡ್ವಾನ್ಸ್. ನಾನು ಆಗಷ್ಟೇ ಕಂಪನಿ ಬಿಟ್ಟು ಬಂದವನು, ಎಲ್ಲ ಶಾಸ್ತ್ರೋಕ್ತವಾಗಿ ಆಗಬೇಕು ಎಂಬ ಹುಮ್ಮಸ್ಸು. ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಬರೆದಿಡುವ ದಾಖಲೆಗೆ ಎಸ್‌ಆರ್‌ಎಸ್ ಎನ್ನುತ್ತಾರೆ. ಐಇಇಇ 830 ಎಂಬ ಸಿದ್ಧ ನಮೂನೆಯಲ್ಲಿ ಅಂಥ 62 ಪುಟದ ಎಸ್‌ಆರ್‌ಎಸ್ ಬರೆದೆ, ಇಂಗ್ಲಿಷಿನಲ್ಲಿ. ಮಿಲ್ಲಿನ ಯಜಮಾನರು ಒಂದೊಂದು ಪುಟಕ್ಕೂ ಸಹಿ ಹಾಕಿದರು. ಸಹಿ ಹಾಕುವಾಗ ಅವರ ಕಣ್ಣು ಪುಟದ ಕೆಳಗಿನ ಮೂಲೆ ಬಿಟ್ಟು ಮೇಲೆ ಹೋಗಲಿಲ್ಲ, ಅದನ್ನು ನಾನು ನೋಡಿದ್ದೆ, ನೋಡಿಯೂ ಖುಷಿಪಟ್ಟಿದ್ದೆ. ಐದು ತಿಂಗಳ ಮೇಲೆ ಇನ್‌ಸ್ಟಾಲ್ ಮಾಡಿದ ಮೊದಲ ದಿನ ಭತ್ತದ ಲಾರಿ ಬಂತು. ದಲ್ಲಾಳಿ ರೇಟು ಕೂಗಿದ. ಆ ಕಡೆ ಭತ್ತದ ರೇಟು ನಡೆಯುವುದು 75 ಕೆಜಿ ಚೀಲಕ್ಕೆ. ನನ್ನ ಸ್ಕ್ರೀನಿನಲ್ಲಿ ಇದ್ದದ್ದು ಕ್ವಿಂಟಲ್. ಹುಡುಗ ಕ್ಯಾಲ್ಕುಲೇಟರ್ ಹಿಡಿದು 75ರಿಂದ ಭಾಗಿಸಿ 100ರಿಂದ ಗುಣಿಸಿ ಹಾಕಿದ, ಪೈಸೆ ಉಳಿಯಿತು, ಲಾರಿ ಪೂರ್ತಿ ಲೆಕ್ಕ ಹಾಕಿದರೆ ದಲ್ಲಾಳಿ ಚೀಟಿಗೂ ನಮ್ಮ ಬಿಲ್ಲಿಗೂ ಹತ್ತು ಹದಿನೈದು ರೂಪಾಯಿ ವ್ಯತ್ಯಾಸ. ದಲ್ಲಾಳಿ ಬಿಡ್ತಾನಾ?

ಎಸ್‌ಆರ್‌ಎಸ್ ತೆಗೆದು ಯಜಮಾನರಿಗೆ ತೋರಿಸಿದೆ. ನೀವೇ ಕ್ವಿಂಟಲ್ ಅಂದಿದ್ದು, ಸಹಿ ಇದೆ ನೋಡಿ ಎಂದೆ. ಅವರು ಸಿಟ್ಟೂ ಮಾಡಲಿಲ್ಲ. "ಸರ್ಕಾರದ್ದೆಲ್ಲಾ ಕ್ವಿಂಟಲ್‌ನಾಗ ಇರ್ತದಲ್ರೀ, ಕಂಪ್ಯೂಟರಿಗೂ ಅದೇ ಬೇಕೇನೋ ಅಂತ ಹೇಳಿದ್ನಿ ನೋಡ್ರಿ" ಎಂದರು. ನನಗೆ ಅನುಕೂಲ ಆಗಲಿ ಎಂದು ಅವರೇ ತಮ್ಮ ವ್ಯಾಪಾರವನ್ನು ತಿರುಗಿಸಿ ಹೇಳಿದ್ದರು! ಆಮೇಲೆ ತೇವಕ್ಕೆ ಚೀಲಕ್ಕೆ ಎಷ್ಟು ಕೆಜಿ ಕಳೆಯಬೇಕು ಎಂಬುದು ಬಂತು, ಮೀಟರ್ ಇದ್ದರೂ ಕೈಯಲ್ಲಿ ಹಿಡಿದು ನೋಡಿ ಹೇಳುವ ಒಬ್ಬ ಅಜ್ಜ ಬಂದರು, ತೌಡು, ನುಚ್ಚು, ಹೊಟ್ಟು ಒಂದೊಂದಕ್ಕೂ ಒಂದೊಂದು ಕಥೆ. ಬದಲಾವಣೆಗಳು 60 ದಾಟಿದ ಮೇಲೆ ನಾನು ಎಣಿಸುವುದು ಬಿಟ್ಟೆ. ನನ್ನ ಕೈಯಿಂದ ಎರಡು, ಎರಡೂವರೆ ಲಕ್ಷ ಹೋಯಿತು. ಅವರು ನಾಲ್ಕು ತಿಂಗಳು ಬಳಸಿ ಎಕ್ಸೆಲ್‌ಗೆ ವಾಪಸ್ ಹೋದರು.

ಎರಡನೆಯದು ದಾವಣಗೆರೆಯ ಸಿಮೆಂಟು ಕಬ್ಬಿಣದ ಅಂಗಡಿ, 2020ರ ಕೊನೆ. ಈ ಸಲ ದಾಖಲೆ ಗೀಖಲೆ ಬೇಡ, ಎರಡು ವಾರಕ್ಕೊಂದು ಡೆಮೊ ಎಂದುಕೊಂಡೆ. ಡೆಮೊಗೆ ಬರುತ್ತಿದ್ದವನು ಯಜಮಾನರ ಮಗ, ಎಂಬಿಎ ಓದಿದವನು, ಒಳ್ಳೆ ಹುಡುಗನೇ. ಪ್ರತಿ ಡೆಮೊದಲ್ಲೂ ಅವನಿಗೆ ಹೊಸ ಗ್ರಾಫ್ ಬೇಕು, ಹೊಸ ಬಣ್ಣ ಬೇಕು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತರು ಒಂದು ಮಾತೂ ಆಡಲಿಲ್ಲ. ಕಬ್ಬಿಣದ ಸರಳು ಬರುವುದು ಟನ್ ಲೆಕ್ಕದಲ್ಲಿ, ಸಣ್ಣ ಗಿರಾಕಿಗೆ ಹೋಗುವುದು ಪೀಸ್ ಲೆಕ್ಕದಲ್ಲಿ. 12 ಎಂಎಂ ಸರಳು 12 ಮೀಟರ್ ಇದ್ದರೆ ಪುಸ್ತಕದ ಪ್ರಕಾರ ಸುಮಾರು 10.7 ಕೆಜಿ, ಆದರೆ ಬರುವ ಸರಳು ಒಂದು ಸಲ ಹಗುರ, ಒಂದು ಸಲ ಭಾರ. ಎರಡು ತಿಂಗಳಲ್ಲಿ ಸ್ಟಾಕ್ ಮೈನಸ್ ತೋರಿಸಲು ಶುರುವಾಯಿತು. ಗೋಡೌನಿನಲ್ಲಿ ಮಾಲು ಕಣ್ಣಿಗೆ ಕಾಣುತ್ತಿದೆ, ಕಂಪ್ಯೂಟರ್ ಇಲ್ಲ ಎನ್ನುತ್ತಿದೆ. ಕೊನೆಗೆ ಟೀ ಅಂಗಡಿಯಲ್ಲಿ ಆ ಗುಮಾಸ್ತರು ಹೇಳಿದರು, "ನನಗೆ ಮೊದಲನೇ ದಿನಾನೇ ಗೊತ್ತಿತ್ತು ಸಾರ್." ಯಾಕೆ ಹೇಳಲಿಲ್ಲ ಎಂದೆ. "ಚಿಕ್ಕ ಯಜಮಾನ್ರು ಮುಂದೆ ಕೂತಿದ್ರಲ್ಲ" ಎಂದರು. ಕೊನೆಯ ಕಂತು 80 ಸಾವಿರ ಬರಲೇ ಇಲ್ಲ. ನಾನೂ ಕೇಳಲು ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳುವುದು.

ಇಷ್ಟಾದ ಮೇಲೆ ಮಂಡಿ ಬಂತು. ಸಾಹುಕಾರ್ರು ನನ್ನ ಮಾವನ ಕಡೆಯ ಪರಿಚಯ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇತ್ತು, ಆದರೆ ಅದು ಆಡಿಟರಿಗೆ. ನಿಜವಾದ ವ್ಯವಹಾರ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಮತ್ತು ಖಾತೆ ಪುಸ್ತಕದಲ್ಲಿ, ಅದೂ ಒಬ್ಬರೇ ಗುಮಾಸ್ತರ ಕೈಯಲ್ಲಿ. ಅವರು ಹಿಂದೆ ಯಾವುದೋ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ್ದರಂತೆ, ಹಾಗಾಗಿ ಇಡೀ ಮಂಡಿಗೆ ಅವರು ಮೇಷ್ಟ್ರು. ವಯಸ್ಸು 60 ದಾಟಿತ್ತು. ಸಾಹುಕಾರ್ರ ಭಯ ಅದೇ. ಮೇಷ್ಟ್ರು ಒಂದು ದಿನ ಬರಲಿಲ್ಲ ಅಂದರೆ ಯಾರಿಗೆ ಎಷ್ಟು ಕೊಡಬೇಕು ಗೊತ್ತಾಗುವುದಿಲ್ಲ.

ಕೂರುವುದಕ್ಕೆ 45 ಸಾವಿರ ಕೇಳಿದೆ. "ಕೂರೋದಕ್ಕಾ? ನಮ್ಮ ಹುಡುಗ್ರು ವರ್ಷ ಪೂರ್ತಿ ಕೂರ್ತಾರೆ, ಅವರಿಗೇ ಅಷ್ಟು ಕೊಡಲ್ಲ ನಾನು" ಎಂದರು. ನಾನು ಬರೆಯುವ ನೋಟ್‌ಬುಕ್ ಕೊನೆಗೆ ನಿಮ್ಮದೇ, ನನ್ನ ಕೆಲಸ ಹಿಡಿಸದಿದ್ದರೆ ಅದನ್ನು ಬೇರೆ ಯಾರಿಗಾದರೂ ಕೊಟ್ಟು ಮಾಡಿಸಿಕೊಳ್ಳಿ ಎಂದೆ. 35ಕ್ಕೆ ಇಳಿಯಿತು. ಅಡ್ವಾನ್ಸ್ ಪೂರ್ತಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಪುಕ್ಕಟೆ ಕೂತವನನ್ನು ಮೊದಲ ದಿನವೇ ಟೀ ತರಲು ಕಳಿಸುತ್ತಾರೆ. (ದುಡ್ಡು ಕೊಟ್ಟ ಮೇಲೂ ಎರಡು ಸಲ ಕಳಿಸಿದರು, ಅದು ಬೇರೆ.)

ಮೊದಲ ಮೂರು ದಿನ ತೂಕದ ಹತ್ತಿರ ಕೂತೆ. ಲ್ಯಾಪ್‌ಟಾಪ್ ಇಲ್ಲ, ಪ್ರಶ್ನೆ ಇಲ್ಲ. ಒಂದು ಉದ್ದ ನೋಟ್‌ಬುಕ್, ಎಡ ಪುಟದಲ್ಲಿ ಕಂಡದ್ದು, ಬಲ ಪುಟ ಖಾಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ನಾಲ್ಕು ವಿಂಗಡಣೆ ಇಲ್ಲಿಯ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಒಂದೇ ರೈತರ ರಾಶಿಯಲ್ಲೂ ಎರಡು ಮೂಟೆ ಬೇರೆ ಇಡಿಸುತ್ತಾರೆ, ಅದಕ್ಕೆ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡ ಗೆರೆ. ಆ ಗೆರೆಯ ಬಗ್ಗೆ ಯಾವ ಮೀಟಿಂಗಿನಲ್ಲೂ ಯಾರೂ ಹೇಳುತ್ತಿರಲಿಲ್ಲ, ಯಾಕೆಂದರೆ ಅದನ್ನು ಎಳೆಯುವವನು ಹಮಾಲ, ಅವನನ್ನು ಮೀಟಿಂಗಿಗೆ ಯಾರು ಕರೆಯುತ್ತಾರೆ?

ನಾಲ್ಕನೇ ದಿನದಿಂದ ಮೇಷ್ಟ್ರ ಪಕ್ಕ, ಗಾದಿಯ ಮೇಲೆ. ಇಲ್ಲಿ ನಾನು ಎಣಿಸಿದ್ದು ಒಂದೇ, ಮೇಷ್ಟ್ರು ತಲೆ ಎತ್ತಿ ಸಾಹುಕಾರ್ರ ಮುಖ ಎಷ್ಟು ಸಲ ನೋಡುತ್ತಾರೆ ಎಂಬುದು. ಒಂದು ದಿನ 22, ಇನ್ನೊಂದು ದಿನ 30ರ ಮೇಲೆ. ಪ್ರತಿ ಸಲ ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಬಿಲ್ಲು) ನಂಬರ್ ಬರೆದಿಟ್ಟುಕೊಂಡೆ. ಸಾಹುಕಾರ್ರು ಬಾಯಿ ಬಿಡುವುದು ಕಡಿಮೆ, ಕೈ ಅಲ್ಲಾಡಿಸಿದರೆ ಹೂಂ, ಕನ್ನಡಕ ತೆಗೆದರೆ ಇಲ್ಲ. ಬಹುಪಾಲು ಮುಂಗಡದ ವಿಷಯ. ರೈತರು ಅಡಿಕೆ ತಂದು ಮಂಡಿಯಲ್ಲಿ ಇಡುತ್ತಾರೆ, ರೇಟು ಬರಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಮದುವೆಗೋ ಗೊಬ್ಬರಕ್ಕೋ ದುಡ್ಡು ಒಯ್ಯುತ್ತಾರೆ. ಇಟ್ಟ ಮಾಲಿನ ಮೇಲೆ ಎಷ್ಟು ಕೊಡುತ್ತೀರಿ ಎಂದು ಮೊದಲೇ ಕೇಳಿದ್ದೆ, "ಅರ್ಧಕ್ಕಿಂತ ಸ್ವಲ್ಪ ಜಾಸ್ತಿ" ಎಂದಿದ್ದರು. ನಾನು ನೋಡಿದ ಹಾಗೆ ನೂರಕ್ಕೆ 30ರಿಂದ 90ರವರೆಗೆ ಎಲ್ಲ ಇತ್ತು. ಮನೆ ನೋಡಿ, ಮನುಷ್ಯನ ನೋಡಿ, ಅವನ ಅಪ್ಪನ ನೋಡಿ. ಹಿಂದಿನ ನಾನಾಗಿದ್ದರೆ 60 ಪರ್ಸೆಂಟ್ ಎಂದು ರೂಲ್ ಹಾಕಿ, ಅದಕ್ಕೊಂದು ಸೆಟ್ಟಿಂಗ್ಸ್ ಪುಟ ಮಾಡಿ, ಸೋತು ಬರುತ್ತಿದ್ದೆ. ಈ ಸಲ ರೂಲ್ ಹಾಕಲೇ ಇಲ್ಲ. ಇಟ್ಟ ಮಾಲು ಎಷ್ಟು, ಇವತ್ತಿನ ರೇಟಿಗೆ ಎಷ್ಟಾಗುತ್ತದೆ, ಒಯ್ದದ್ದು ಎಷ್ಟು, ಈ ಮೂರು ಅಂಕಿ ಸಾಹುಕಾರ್ರ ಫೋನಿಗೆ ಹೋಗುತ್ತದೆ, ಅವರು ಹೂಂ ಅಥವಾ ಇಲ್ಲ ಒತ್ತುತ್ತಾರೆ. ಅಷ್ಟೇ. ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಇನ್ನೊಂದು ಕಡೆ ಚೀಟಿಗಳು. ಕ್ಯಾಲೆಂಡರ್ ಹಿಂದೆ, ಬೀಡಿ ಕಟ್ಟಿನ ಕಾಗದದ ಹಿಂದೆ, ಔಷಧಿ ಡಬ್ಬಿಯ ಒಳಗೆ. ಸಂಜೆ ಕಸ ಗುಡಿಸುವ ಮೊದಲು ಎಲ್ಲ ಆರಿಸಿ ಫೋಟೊ ತೆಗೆದೆ. ಸುಮಾರು 340 ಚೀಟಿ. ಅವುಗಳಲ್ಲಿ ಮುಕ್ಕಾಲು ಪಾಲು ಕೂಡಿಸಿದ ಲೆಕ್ಕ, ಕೆಲಸಕ್ಕೆ ಬಾರದ್ದು. ಉಳಿದವು ಪುಸ್ತಕದಲ್ಲಿ ಬರೆಯಲು ಜಾಗ ಇಲ್ಲದ ವಿಷಯಗಳು, ಅಂದರೆ ಹಾಲಿ ಪುಸ್ತಕದಲ್ಲಿ ಇಲ್ಲದ ಕಾಲಮ್‌ಗಳು. ಯಾವ ಚೀಟಿ ಯಾವ ಗುಂಪಿಗೆ ಎಂದು ಬೇರೆ ಮಾಡುವುದಕ್ಕೆ ನನ್ನದೇ ಒಂದು ಪದ್ಧತಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಹೊಟ್ಟೆ ಹೊರೆಯುತ್ತಿದ್ದೇನೆ.

ಈಗ ಮುಖ್ಯ ವಿಷಯ, ಹಳೇ ತಿಂಗಳು.

ಏಳನೇ ದಿನ ಸಾಹುಕಾರ್ರ ಹತ್ತಿರ ಹಿಂದಿನ ವರ್ಷದ ಒಂದು ತಿಂಗಳ ಪುಸ್ತಕ ಕೇಳಿದೆ. ನವೆಂಬರ್, ಕೊಯ್ಲು ನಡೆಯುವಾಗಿನ ಗಡಿಬಿಡಿ ತಿಂಗಳು. ಸುಮಾರು 410 ಪಟ್ಟಿ ಇದ್ದವು. ನನಗೆ ಆವರೆಗೆ ಗೊತ್ತಾದ ನಿಯಮ ಎಲ್ಲ ಸೇರಿಸಿ ಒಂದು ಬೋಳು ಎಕ್ಸೆಲ್ ಶೀಟ್ ಮಾಡಿ, ಆ ತಿಂಗಳ ತೂಕ, ರೇಟು, ಮುಂಗಡ ಎಲ್ಲ ಹಾಕಿದೆ. ಕೊನೆಗೆ ರೈತರ ಕೈಗೆ ಹೋಗಬೇಕಾದ ಮೊತ್ತ ನನ್ನ ಶೀಟಿನಲ್ಲಿ ಎಷ್ಟು, ಮೇಷ್ಟ್ರ ಪುಸ್ತಕದಲ್ಲಿ ಎಷ್ಟು ಎಂದು ತಾಳೆ ನೋಡಿದೆ. 290ರಷ್ಟು ತಾಳೆಯಾದವು. 120 ಆಗಲಿಲ್ಲ.

ಆ 120 ನನ್ನ ರಿಕ್ವೈರ್‌ಮೆಂಟ್.

ಮೇಷ್ಟ್ರಿಗೆ ನಿಮ್ಮ ಬಡ್ಡಿ ನಿಯಮ ಏನು ಎಂದು ಕೇಳಿದರೆ "ಎಲ್ಲರದ್ದೂ ಒಂದೇ ತಮ್ಮಾ" ಎನ್ನುತ್ತಿದ್ದರು. ಅದನ್ನೇ, "ಮೇಷ್ಟ್ರೇ, ಈ 212ನೇ ಪಟ್ಟಿಯಲ್ಲಿ ನನಗೆ 640 ರೂಪಾಯಿ ಕಡಿಮೆ ಬರ್ತಿದೆ, ಯಾಕೆ?" ಎಂದು ಕೇಳಿದರೆ ಕನ್ನಡಕ ಸರಿ ಮಾಡಿಕೊಂಡು ನೋಡಿ, ಓ ಇದಾ ಎಂದು ಶುರು ಮಾಡುತ್ತಿದ್ದರು. ಆ ಮನೆಯ ಕಥೆ, ಆ ವರ್ಷದ ಕೊಳೆ ರೋಗ, ತೋಟ ಪಾಲಾದದ್ದು, ಎಲ್ಲ. ನಡುವೆ ಎಲ್ಲೋ ಒಂದು ವಾಕ್ಯದಲ್ಲಿ ನನಗೆ ಬೇಕಾದ ನಿಯಮ ಇರುತ್ತಿತ್ತು. ಬಲ ಪುಟ ತುಂಬಿದ್ದು ಆಗಲೇ.

212ನೇ ಪಟ್ಟಿಯನ್ನೇ ಹೇಳುತ್ತೇನೆ. ಖಾತೆ ಪುಸ್ತಕದಲ್ಲಿ ಆ ಮುಂಗಡದ ಪಕ್ಕ ಒಂದು ಚುಕ್ಕೆ ಇತ್ತು. ನಾನು ಶಾಯಿ ಬಿದ್ದದ್ದು ಎಂದುಕೊಂಡಿದ್ದೆ. ಚುಕ್ಕೆ ಅಂದರೆ ಆ ದುಡ್ಡಿಗೆ ಬಡ್ಡಿ ಇಲ್ಲ. ಆಸ್ಪತ್ರೆಗೋ, ಮನೆಯಲ್ಲಿ ಸಾವಾದಾಗಲೋ ಒಯ್ದ ದುಡ್ಡಿಗೆ ಸಾಹುಕಾರ್ರ ಅಪ್ಪನ ಕಾಲದಿಂದ ಬಡ್ಡಿ ಹಾಕುವುದಿಲ್ಲವಂತೆ. ಆ ತಿಂಗಳಲ್ಲಿ ಅಂಥ ಚುಕ್ಕೆ 17 ಇದ್ದವು. ಆಮೇಲೆ ಸ್ಕ್ರೀನ್ ಮಾಡುವಾಗ ನಾನು ಖುಷಿಯಿಂದ "ಬಡ್ಡಿ ವಿನಾಯಿತಿ" ಎಂಬ ಟಿಕ್ ಹಾಕಿ, ಅದರ ಕೆಳಗೆ ಕಾರಣ ಆರಿಸುವ ಪಟ್ಟಿ ಕೊಟ್ಟೆ: ಆಸ್ಪತ್ರೆ, ಸಾವು, ಇತರೆ. ಮೇಷ್ಟ್ರು ನೋಡಿ ಮೌಸಿನಿಂದ ಕೈ ತೆಗೆದರು. "ಅದನ್ನೆಲ್ಲ ಬರೀಬಾರದು ತಮ್ಮಾ. ನಾಳೆ ಅವರ ಮಕ್ಕಳು ಬಂದು ಈ ಪರದೆ ನೋಡ್ತಾರೆ." ಕಾರಣದ ಪಟ್ಟಿ ತೆಗೆದೆ. ಈಗ ಸ್ಕ್ರೀನಿನಲ್ಲಿ ಇರುವುದು ಒಂದು ಚುಕ್ಕೆಯ ಬಟನ್, ಅದರ ಮೇಲೆ ಯಾವ ಹೆಸರೂ ಇಲ್ಲ. ಬೆಂಗಳೂರಿನ ಗೆಳೆಯನಿಗೆ ಇದನ್ನು ತೋರಿಸಿದಾಗ, ಹೆಸರಿಲ್ಲದ ಬಟನ್ ಇಟ್ಟರೆ ಯಾವ ಡಿಸೈನರ್ ಒಪ್ಪುತ್ತಾನೆ ಎಂದ. ಡಿಸೈನರ್ ಪಟ್ಟಿ ಬರೆಯುವುದಿಲ್ಲವಲ್ಲ.

ಉಳಿದವು ಬೇಗ ಹೇಳುತ್ತೇನೆ. 30ಕ್ಕೂ ಜಾಸ್ತಿ ಪಟ್ಟಿಗಳಲ್ಲಿ ವ್ಯತ್ಯಾಸ ಬಂದದ್ದು ಬರೀ ರೌಂಡಿಂಗಿನಿಂದ. ಕೈಗೆ ಕೊಟ್ಟರೆ ಹತ್ತು ರೂಪಾಯಿಗೆ ಸರಿ ಮಾಡುತ್ತಾರೆ, ಯಾವಾಗಲೂ ರೈತರ ಕಡೆಗೆ, ಬ್ಯಾಂಕಿಗೆ ಹಾಕಿದರೆ ಪೈಸೆ ಸಮೇತ. ಒಂದಿಷ್ಟು ಬಡ್ಡಿಯ ದಿನಗಳು. ಕೊಟ್ಟ ದಿನ ಎಣಿಸುವುದಿಲ್ಲ, ತಿರುಗಿ ಬಂದ ದಿನ ಎಣಿಸುತ್ತಾರೆ. ಒಂದಿಷ್ಟು ಒಣಗಿದ ತೂಕ: ಇಟ್ಟಾಗ ಒಂದು ತೂಕ, ಮಾರುವಾಗ ಇನ್ನೊಂದು. ರಾಶಿ ಕ್ವಿಂಟಲ್‌ಗೆ 50 ಸಾವಿರದ ಆಚೀಚೆ ಓಡುತ್ತಿದ್ದ ಕಾಲ, ಒಂದು ಕೆಜಿ ಅಂದರೆ 500 ರೂಪಾಯಿ, ಹುಡುಗಾಟ ಅಲ್ಲ. ಒಣಗಿ ಇಳಿದದ್ದು ರೈತರದ್ದು, ಇಲಿ ಕಡಿದು ಚೀಲ ಸೋರಿದರೆ ಮಂಡಿಯದ್ದು. ಇದಕ್ಕೆ ಮೇಷ್ಟ್ರು ಪುಸ್ತಕದಲ್ಲಿ "ಇ" ಎಂದು ಬರೆದಿದ್ದರು. ನಾನು ಎರಡು ದಿನ ಅದನ್ನು ಯಾರದೋ ಇನಿಷಿಯಲ್ ಎಂದುಕೊಂಡಿದ್ದೆ.

ಆಮೇಲೆ ಸತ್ತವರ ಖಾತೆ. ಅಪ್ಪ ತೀರಿಕೊಂಡು ಆರು ವರ್ಷವಾದರೂ ಖಾತೆ ಅಪ್ಪನ ಹೆಸರಿನಲ್ಲೇ ಇರುತ್ತದೆ, ಮಕ್ಕಳು ಮೂವರೂ ಅದಕ್ಕೇ ಮಾಲು ಹಾಕುತ್ತಾರೆ, ದುಡ್ಡು ಮಾತ್ರ ಮೂರು ಪಾಲು. ಯಾವ ಪಾಲು ಎಷ್ಟು ಎಂಬುದು ಮೇಷ್ಟ್ರ ತಲೆಯಲ್ಲಿ. ನನ್ನ ಡೇಟಾಬೇಸಿನ ನಕ್ಷೆಯಲ್ಲಿ ಒಬ್ಬ ರೈತರಿಗೆ ಒಂದು ಖಾತೆ ಎಂದಿತ್ತು. ಅದನ್ನು ಕಿತ್ತು "ಮನೆ" ಎಂಬ ಟೇಬಲ್ ಮಾಡಿದೆ, ಮನೆಯೊಳಗೆ ಜನ, ಜನಕ್ಕೆ ಪಾಲು. ಇದು ಕೋಡ್ ಬರೆದ ಮೇಲೆ ಗೊತ್ತಾಗಿದ್ದರೆ ನನ್ನ ಕಥೆ ಮುಗಿದಿತ್ತು. ಒಂದೇ ಊರಿನ ಮೂವರು ಮಂಜಪ್ಪರ ಗೋಳೂ ಇದರಿಂದಲೇ ಬಗೆಹರಿಯಿತು, ಮನೆ ಹೆಸರು ಹೊಡೆದರೆ ಸಾಕು.

ಕೊನೆಗೆ ಉಳಿದದ್ದು ಒಂಬತ್ತು. ಅವು ಮೇಷ್ಟ್ರ ತಪ್ಪು. ಕೂಡಿಸುವಾಗ ಆದದ್ದು, ದೊಡ್ಡದೇನಲ್ಲ, ಒಂದರಲ್ಲಿ ಮಾತ್ರ 2 ಸಾವಿರ ಚಿಲ್ಲರೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸಾಹುಕಾರ್ರಿಗೆ ಹೇಳಿದರೆ ನನ್ನ 35 ಸಾವಿರ ಅಲ್ಲೇ ವಸೂಲಾಯಿತು ಎಂದು ಬೆನ್ನು ತಟ್ಟುತ್ತಿದ್ದರು. ಬೆಳಿಗ್ಗೆ ಮಂಡಿ ಬಾಗಿಲು ತೆಗೆಯುವ ಮೊದಲು ಮೇಷ್ಟ್ರಿಗೆ ಒಬ್ಬರಿಗೇ ಆ ಒಂಬತ್ತು ಪಟ್ಟಿ ತೋರಿಸಿದೆ. ನನ್ನ ಲೆಕ್ಕ ತಪ್ಪಿರಬೇಕು, ನೋಡಿಕೊಡಿ ಎಂದೆ. ಅವರು ಮೂರು ಪಟ್ಟಿ ನೋಡುವ ಹೊತ್ತಿಗೆ ಅರ್ಥವಾಯಿತು. ಏನೂ ಮಾತಾಡಲಿಲ್ಲ. ಮಧ್ಯಾಹ್ನ ಅವರೇ ಸಾಹುಕಾರ್ರ ಹತ್ತಿರ ಹೋಗಿ ಹೇಳಿಕೊಂಡರು, ಆ ರೈತರ ಖಾತೆಗೆ ಜಮೆ ಮಾಡಿದರು. ಮಾರನೇ ದಿನದಿಂದ ನಾನು ಕೇಳದೆಯೇ ಪುಸ್ತಕ ನನ್ನ ಕಡೆ ತಿರುಗಿಸಿ ಇಡಲು ಶುರು ಮಾಡಿದರು. ಅವರ ಡೆಸ್ಕಿನ ಕೆಳಗಿನ ಬೀಗ ಹಾಕಿದ ಡ್ರಾಯರಿನಲ್ಲಿ ಇನ್ನೊಂದು ಸಣ್ಣ ಪುಸ್ತಕ ಇದೆ ಎಂದು ಗೊತ್ತಾದದ್ದು ಆಗಲೇ. ಅದರಲ್ಲಿ ಏನಿತ್ತು ಎಂಬುದು ನನಗೂ ಅವರಿಗೂ ಬಿಟ್ಟದ್ದು.

ಕಾನೂನಿನ ವಿಷಯ ಹೇಳಲಿಲ್ಲ ಅಲ್ವಾ? ಅದು ಸುಲಭದ ಭಾಗ. ಒಣ ಅಡಿಕೆಗೆ 5% ಜಿಎಸ್‌ಟಿ, ಮಾಲು ಸಾಗಿಸಲು ಇ-ವೇ ಬಿಲ್, ಖರೀದಿಯ ಮೇಲೆ ಟಿಡಿಎಸ್ ಹಿಡಿಯಲು 2021ರ ಜುಲೈಯಿಂದ ಬಂದ 194ಕ್ಯೂ, 2023ರ ಆಗಸ್ಟಿನಲ್ಲಿ 5 ಕೋಟಿ ವಹಿವಾಟಿಗೆ ಇಳಿದ ಇ-ಇನ್‌ವಾಯ್ಸ್ ಮಿತಿ. ಇವೆಲ್ಲ ಎಲ್ಲೋ ಬರೆದಿರುತ್ತವೆ, ಬದಲಾದರೆ ಆಡಿಟರ್ ಫೋನ್ ಮಾಡುತ್ತಾರೆ. ಚುಕ್ಕೆ ಬದಲಾದರೆ ಯಾರೂ ಫೋನ್ ಮಾಡುವುದಿಲ್ಲ.

ನಡುವೆ ಮಾಡಿದ ಕೆಲವು ಹುಚ್ಚಾಟಗಳನ್ನೂ ಬರೆಯುತ್ತೇನೆ, ಯಾರಿಗಾದರೂ ಸಮಯ ಉಳಿದೀತು. ಮೇಷ್ಟ್ರ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾತನ್ನು ಬರಹ ಮಾಡುವ ಟೂಲ್‌ಗೆ ಕೊಟ್ಟೆ. ಹಮಾಲರ ಕೂಗು, ಲಾರಿಯ ಹಾರನ್, ಮೇಷ್ಟ್ರ ಬಾಯಲ್ಲಿ ಎಲೆ ಅಡಿಕೆ. ಗೊರಬಲು ಎಂಬ ಪದ ಹತ್ತು ಸಲ ಹತ್ತು ಥರ ಬಂತು, ಒಂದು ಸಲವೂ ಗೊರಬಲು ಎಂದು ಬರಲಿಲ್ಲ. ಅದಕ್ಕಿಂತ ಮುಖ್ಯ, ಫೋನ್ ಆನ್ ಆಗಿದ್ದರೆ ಮೇಷ್ಟ್ರು ಭಾಷಣದ ಕನ್ನಡ ಮಾತಾಡುತ್ತಿದ್ದರು. ಎರಡೇ ದಿನಕ್ಕೆ ಬಿಟ್ಟೆ. ವಾಟ್ಸಾಪ್ ಗುಂಪು ಮಾಡಿ, ಏನು ಬೇಕೋ ಅಲ್ಲಿ ಹಾಕಿ ಎಂದೆ. ಮೂರು ದಿನ ಶುಭೋದಯದ ಹೂವು ಬಂತು, ನಾಲ್ಕನೇ ದಿನ ಸಾಹುಕಾರ್ರ ತಮ್ಮ ಯಾರದೋ ಕಾರು ಮಾರಾಟಕ್ಕಿದೆ ಎಂದು ಹಾಕಿದರು. ಇನ್ನೊಂದು ಕೆಲಸಕ್ಕೆ ಬಂತು: ತಾಳೆ ನೋಡಲು ಕೊಡುವ ಶೀಟಿನಲ್ಲಿ ನಾನೇ ಬೇಕೆಂದು ಎರಡು ತಪ್ಪು ಸೇರಿಸಿರುತ್ತೇನೆ. ಅವರು ಹಿಡಿದರೆ ಓದುತ್ತಿದ್ದಾರೆ ಎಂದರ್ಥ. ಹಿಡಿಯದಿದ್ದರೆ ಅವತ್ತಿನ ಒಪ್ಪಿಗೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಟೀ ಕುಡಿದು ಎದ್ದು ಬರುತ್ತೇನೆ. ಯಾವ ಥರದ ತಪ್ಪು ಇಡಬೇಕು ಎಂಬುದರಲ್ಲೇ ಇರುವುದು ಕರಾಮತ್ತು, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಪ್ರಿಂಟರಿನಲ್ಲಿ ಮಾತ್ರ ಎಡವಿದೆ. ಪಟ್ಟಿ ಕನ್ನಡದಲ್ಲಿ ಬೇಕು, ಮೂರು ಪ್ರತಿ ಬೇಕು, ಕಾರ್ಬನ್ ಇಟ್ಟು, ಅಂದರೆ ಸೂಜಿಯಿಂದ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇಂಗ್ಲಿಷ್ ಅಕ್ಷರವಾದರೆ ಅದು ಟಕಟಕ ಹೊಡೆಯುತ್ತದೆ. ಯೂನಿಕೋಡ್ ಕನ್ನಡ ಅಂದರೆ ಅದಕ್ಕೆ ಚಿತ್ರ, ಒಂದು ಪಟ್ಟಿಗೆ 25 ಸೆಕೆಂಡ್ ತೆಗೆದುಕೊಂಡಿತು. ಸಂಜೆ ಐದು ಗಂಟೆಗೆ ಬಸ್ಸು ಹಿಡಿಯುವ ಅವಸರದಲ್ಲಿ 40 ಜನ ಸಾಲು ನಿಂತಿರುತ್ತಾರೆ. ಹನ್ನೊಂದು ದಿನ ಕೂತವನು ನಾನು, ಆ ಸಾಲನ್ನು ದಿನಾ ನೋಡಿದವನು, ಆದರೂ ಇದು ಹೊಳೆಯಲಿಲ್ಲ. ಕೊನೆಗೆ ಕನ್ನಡದ ತಲೆಬರಹ, ಕಾಲಮ್ ಹೆಸರು ಎಲ್ಲ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ, ಪ್ರಿಂಟರಿನಿಂದ ರೈತರ ಹೆಸರು ಮತ್ತು ಅಂಕಿ ಮಾತ್ರ ಹೊಡೆಸಿದೆ. 9 ಸೆಕೆಂಡಿಗೆ ಬಂತು. ಅಚ್ಚಿನ ಖರ್ಚು ಆರೇಳು ಸಾವಿರ ನನ್ನ ತಲೆಗೆ.

ಒಟ್ಟು ಲೆಕ್ಕ ಹೇಳಬೇಕಲ್ಲ. ಕೂತಿದ್ದಕ್ಕೆ 35 ಸಾವಿರ, ಸಾಫ್ಟ್‌ವೇರಿಗೆ 3 ಲಕ್ಷದ 80 ಸಾವಿರ. ನಾಲ್ಕೂವರೆ ತಿಂಗಳಲ್ಲಿ ಮುಗಿಯಿತು. ಚಾಲೂ ಮಾಡುವ ಮೊದಲು ಅದೇ ನವೆಂಬರನ್ನು ಹೊಸ ಸಾಫ್ಟ್‌ವೇರಿನಲ್ಲಿ ಮತ್ತೆ ಓಡಿಸಿದೆವು. ಮೇಷ್ಟ್ರು ಸರಿಪಡಿಸಿದ ಒಂಬತ್ತೂ ಸೇರಿ 410ರಲ್ಲಿ 409 ಪೈಸೆಗೆ ಪೈಸೆ ತಾಳೆ, ಒಂದು ಮಾತ್ರ ಯಾಕೆ ಎಂದು ಮೇಷ್ಟ್ರಿಗೂ ನೆನಪಿರಲಿಲ್ಲ. ಗಿರಾಕಿ ಬಳಸಿ ನೋಡಿ ಸಹಿ ಹಾಕುವ ಯುಎಟಿ, ಸೈನ್ ಆಫ್ ಎಂದು ಬೇರೆ ಏನೂ ಮಾಡಲಿಲ್ಲ. ಮೊದಲ ವರ್ಷ ಬಂದ ಬದಲಾವಣೆ ಆರೋ ಏಳೋ, ಅದರಲ್ಲಿ ಎರಡು ಪ್ರಿಂಟರಿನದ್ದೇ. ಆಮೇಲೆ ಸಾಗರದಲ್ಲಿ ಒಂದು, ಚನ್ನಗಿರಿ ಕಡೆ ಒಂದು ಮಂಡಿ ಮಾಡಿದೆ. ಕೂರುವ ದಿನ ಆರಕ್ಕೆ ಇಳಿಯಿತು, ಫೀಸು ಮಾತ್ರ ಇಳಿಸಲಿಲ್ಲ. ಶಿರಸಿ ಕಡೆಯವರೊಬ್ಬರು ಅದೇ ಸಾಫ್ಟ್‌ವೇರ್ ಹಾಗೇ ಕೊಡಿ ಎಂದರು. ಅಲ್ಲಿ ಚಾಲಿ, ಕೆಂಪುಗೋಟು, ಬಿಳೆಗೋಟು, ಹೆಸರೇ ಬೇರೆ, ಇನ್ನು ಚುಕ್ಕೆಗಳು ಬೇರೆ ಇರುವುದಿಲ್ಲವೇ? ಕೂರದೆ ಕೊಡುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ, ಹೋಯಿತು.

ಒಂದು ಕಡೆ ಪೂರ್ತಿ ಕೈ ಕೊಟ್ಟಿತು, ಮುಚ್ಚಿಡುವುದಿಲ್ಲ. ಹೊಸದಾಗಿ ಕೋಲ್ಡ್ ಸ್ಟೋರೇಜ್ ಶುರು ಮಾಡುವವರು ಕರೆದರು. ಹೊಸ ವ್ಯಾಪಾರ, ಹಳೇ ತಿಂಗಳು ಎಲ್ಲಿಂದ ಬರಬೇಕು? ಮೂರು ಪಾಲುದಾರರನ್ನು ಮೇಜಿನ ಸುತ್ತ ಕೂರಿಸಿ, ಕಡಲೆಕಾಯಿಯನ್ನು ಮೂಟೆ ಎಂದುಕೊಂಡು, ಒಬ್ಬರು ರೈತ, ಒಬ್ಬರು ವರ್ತಕ, ಒಬ್ಬರು ಮ್ಯಾನೇಜರ್ ಎಂದು ಆಡಿಸಿದೆ. ಒಂದು ಗಂಟೆ ಚೆನ್ನಾಗಿ ನಡೆಯಿತು. ಬಾಡಿಗೆ ಬಾಕಿ ಇದ್ದರೆ ಮಾಲು ಬಿಡಬೇಕೋ ಬೇಡವೋ ಎಂಬಲ್ಲಿ ಇಬ್ಬರಿಗೆ ನಿಜವಾಗಿಯೇ ಜಗಳವಾಯಿತು, ಮೂರನೆಯವರು ಅಷ್ಟರಲ್ಲಿ ಸ್ಟಾಕ್ ತಿಂದು ಮುಗಿಸಿದ್ದರು. ಆ ಕೆಲಸ ನನಗೆ ಬರಲಿಲ್ಲ. ಆದರೆ ಆ ಜಗಳ ಮೇಜಿನ ಮೇಲೆ ಆದದ್ದೇ ಒಳ್ಳೆಯದಾಯಿತು ಎಂದು ಅವರಲ್ಲಿ ಒಬ್ಬರು ಆಮೇಲೆ ಹೇಳಿದರು, 5 ಸಾವಿರ ಕಳಿಸಿದರು.

ಮೇಷ್ಟ್ರು ಈಗ ವಾರಕ್ಕೆ ಮೂರು ದಿನ ಮಾತ್ರ ಬರುತ್ತಾರೆ. ಉಳಿದ ದಿನ ಡಿಗ್ರಿ ಮುಗಿಸಿದ ಒಬ್ಬಳು ಹುಡುಗಿ ಪಟ್ಟಿ ಬರೆಯುತ್ತಾಳೆ. ಚುಕ್ಕೆ ಯಾವಾಗ ಒತ್ತಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ, ಮೇಷ್ಟ್ರು ಫೋನಿನಲ್ಲಿ ಹೇಳುತ್ತಾರಂತೆ.

ಮುಂದಿನ ವಾರ ಭೀಮಸಮುದ್ರದ ಒಂದು ಮಂಡಿಯಲ್ಲಿ ಕೂರುವುದಿದೆ. ಫೀಸು 50 ಸಾವಿರ ಕೇಳಿದ್ದೇನೆ, 42ಕ್ಕೆ ನಿಂತಿದೆ. ಗಾದಿಯ ಮೇಲೆ ಕೂತು ಕೂತು ಸೊಂಟ ಹಿಡಿದಿದೆ, ಈ ಸಲ ಮನೆಯಿಂದ ಒಂದು ದಿಂಬು ಒಯ್ಯುತ್ತೇನೆ.